ಇಂದಿನ ಧಮ್ಮ ಚಿಂತನೆ: ಅಚ್ಚಿನ ಚಾಕಲೇಟು ಮತ್ತು ಉಪೇಕ್ಖಾ





ರಜೆ ಬಂತೆಂದರೆ ಈಗ ಎಷ್ಟೋ ಮನೆಗಳಲ್ಲಿ ಮಕ್ಕಳ ಜೊತೆ ಅಚ್ಚಿನ ಚಾಕಲೇಟು ಮಾಡುತ್ತಾರೆ. ಅಂಗಡಿಯ ಕಾಂಪೌಂಡ್ ಆದರೆ ಕರಗಿಸಿ ಹೊಯ್ದರೆ ಸಾಕು. ಕೊಕೊ ಬೆಣ್ಣೆಯಿರುವ ಅಸಲಿ ಚಾಕಲೇಟಿನ ದಾರಿ ಬೇರೆ. ಕಪ್ಪು ಚಾಕಲೇಟನ್ನು ಸುಮಾರು 45 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಪೂರ್ತಿ ಕರಗಿಸಬೇಕು. ಕೈಯಾಡಿಸುತ್ತ ಸುಮಾರು 27 ಡಿಗ್ರಿಗೆ ತಣಿಸಬೇಕು. ಮತ್ತೆ 31ಕ್ಕೆ ತಂದು ಅಚ್ಚಿಗೆ ಹೊಯ್ಯಬೇಕು. ಏಕೆಂದರೆ ಕೊಕೊ ಬೆಣ್ಣೆ ಆರು ಬಗೆಯ ಹರಳುಗಳಾಗಿ ಹೆಪ್ಪುಗಟ್ಟಬಲ್ಲದು. ನಮಗೆ ಬೇಕಾದ ಹೊಳಪು, 'ಟಕ್' ಎಂದು ಮುರಿಯುವ ಗುಣ, ಅವುಗಳಲ್ಲಿ ಒಂದಕ್ಕೆ ಮಾತ್ರ ಇದೆ. ಬರೀ ಕಾಯಿಸಿ ಹೊಯ್ದರೆ ಮೇಲೆ ಬೂದು ಪೊರೆ ಕಟ್ಟುತ್ತದೆ. ತಣಿಸಿದ್ದು ಅತಿಯಾದರೆ ಗಟ್ಟಿಯಾಗಿ ಅಚ್ಚಿನ ಮೂಲೆಗೆ ಇಳಿಯುವುದೇ ಇಲ್ಲ.

ಇಷ್ಟಾದ ಮೇಲೆ ಮೂರನೆಯ ಕೆಲಸ: ಸುಮ್ಮನೆ ನೋಡುತ್ತಿರುವುದು. ಮಕ್ಕಳಿಗೆ ಇದೇ ಕಷ್ಟ. ಬೆರಳಿಟ್ಟು ನೋಡುತ್ತಾರೆ, ಅಚ್ಚನ್ನು ಅಲ್ಲಾಡಿಸುತ್ತಾರೆ. ಸರಿಯಾಗಿ ಹದಗೊಂಡ ಚಾಕಲೇಟು ಗಟ್ಟಿಯಾಗುವಾಗ ತಾನೇ ಕೊಂಚ ಕುಗ್ಗಿ ಅಚ್ಚಿನ ಅಂಚು ಬಿಡುತ್ತದೆ. ಆಗ ಅಚ್ಚನ್ನು ಮಗುಚಿದರೆ ಸಾಕು, ಜಾರಿ ಬೀಳುತ್ತದೆ. ಅದಕ್ಕೂ ಮೊದಲೇ ಕಿತ್ತರೆ ಒಡೆಯುತ್ತದೆ.

ಅಂಗುತ್ತರ ನಿಕಾಯದ ತಿಕನಿಪಾತದಲ್ಲಿ ಭಗವಾನ್ ಬುದ್ಧರು ಅಕ್ಕಸಾಲಿಗನ ಉಪಮೆ ಕೊಡುತ್ತಾರೆ. ಅವನು ಚಿನ್ನವನ್ನು ಕುಲುಮೆಗಿಟ್ಟು ಆಗಾಗ ಊದುತ್ತಾನೆ, ಆಗಾಗ ನೀರು ಚಿಮುಕಿಸುತ್ತಾನೆ, ಆಗಾಗ ಸುಮ್ಮನೆ ನೋಡುತ್ತಾನೆ. ಊದುತ್ತಲೇ ಇದ್ದರೆ ಚಿನ್ನ ಸುಟ್ಟೀತು; ನೀರನ್ನೇ ಹಾಕಿದರೆ ತಣ್ಣಗಾದೀತು; ನೋಡುತ್ತಲೇ ಕೂತರೆ ಹದಕ್ಕೆ ಬಾರದು. ಹಾಗೆಯೇ ಸಾಧಕನಿಗೂ ಮೂರು ಬೇಕು: ಪ್ರಯತ್ನ, ಸಮಾಧಿ, ಉಪೇಕ್ಖಾ. ಬರೀ ಪ್ರಯತ್ನದಿಂದ ಚಂಚಲತೆ, ಬರೀ ಸಮಾಧಿಯಿಂದ ಆಲಸ್ಯ, ಬರೀ ಉಪೇಕ್ಖೆಯಿಂದ ಮನಸ್ಸು ಗುರಿಮುಟ್ಟದು.

ಕನ್ನಡದಲ್ಲಿ 'ಉಪೇಕ್ಷೆ' ಎಂದರೆ ಅಲಕ್ಷ್ಯ ಎಂಬ ಅರ್ಥ ನಿಂತುಬಿಟ್ಟಿದೆ. ಪದವನ್ನು ಬಿಡಿಸಿ ನೋಡಿ: ಉಪ ಎಂದರೆ ಹತ್ತಿರ, ಈಕ್ಷ ಎಂದರೆ ನೋಡು. ಮುಖ ತಿರುಗಿಸಿ ಹೋಗುವುದಲ್ಲ, ಹತ್ತಿರವಿದ್ದು, ಕಣ್ಣಿಟ್ಟು, ಕೈ ಹಾಕದೆ ಇರುವುದು.

ಶಿಕ್ಷಕಿಯಾಗಿ ಪ್ರತಿ ಪರೀಕ್ಷೆಯ ಕಾಲದಲ್ಲೂ ಕಾಣುತ್ತೇನೆ. ಹತ್ತನೇ ತರಗತಿಯ ಮಕ್ಕಳ ಅಪ್ಪ ಅಮ್ಮಂದಿರಿಗೆ ಊದುವುದು ಗೊತ್ತು: "ಓದು, ಓದು." ಮಗು ಅತ್ತರೆ ನೀರು ಚಿಮುಕಿಸುವುದೂ ಗೊತ್ತು: "ಹೋಗಲಿ ಬಿಡು ಪುಟ್ಟಾ." ಆದರೆ ಓದಲು ಕೂತ ಮಗುವಿನ ಕೋಣೆಗೆ ಹತ್ತು ನಿಮಿಷಕ್ಕೊಮ್ಮೆ ಇಣುಕದೆ ಇರುವುದು? ಅದು ಬಹಳ ಮಂದಿಗೆ ಆಗದು. ಕಳೆದ ತಿಂಗಳು ಒಬ್ಬ ಹುಡುಗಿ ಕೇಳಿದಳು, "ಮಿಸ್, ನಾನು ಮರೆತಿದ್ದನ್ನು ನೆನಪು ಮಾಡಿಕೊಳ್ಳೋಕೂ ಮನೆಯಲ್ಲಿ ಟೈಮ್ ಕೊಡಲ್ಲ, ಅವರೇ ಹೇಳಿಬಿಡ್ತಾರೆ. ಪರೀಕ್ಷೆಯಲ್ಲಿ ಯಾರು ಹೇಳ್ತಾರೆ?" ಒಳಗಿನ ಹರಳು ಕಟ್ಟುವ ಹೊತ್ತು ಅದು. ಅಲ್ಲಿ ನಮ್ಮ ಬೆರಳಿಗೆ ಕೆಲಸವಿಲ್ಲ.

ಮೂರರಲ್ಲಿ ಯಾವುದು, ಯಾವಾಗ? ಅದಕ್ಕೆ ಪಟ್ಟಿಯಿಲ್ಲ. ಅಕ್ಕಸಾಲಿಗ ಚಿನ್ನವನ್ನು ನೋಡಿ ತಿಳಿಯುತ್ತಾನೆ. ನಾವೂ ಎದುರಿಗಿರುವವರನ್ನು ನೋಡಿಯೇ ತಿಳಿಯಬೇಕು.

*ಇಂದಿನ ಅಭ್ಯಾಸ:* ಮನೆಯಲ್ಲಿ ಯಾರಿಗಾದರೂ ಏನಾದರೂ ಹೇಳಲು ಬಾಯಿ ತೆರೆಯುವ ಮುನ್ನ ಮೂರು ಉಸಿರಿನಷ್ಟು ನಿಲ್ಲೋಣ. ಈಗ ಬೇಕಾಗಿರುವುದು ಶಾಖವೋ, ತಂಪೋ, ಅಥವಾ ಹತ್ತಿರ ಕೂತು ಕಾಯುವುದೋ ಎಂದು ಕೇಳಿಕೊಳ್ಳೋಣ.

ಭವತು ಸಬ್ಬಮಂಗಲಂ 🪷