ಉಳಿಸಿದ ದುಡ್ಡು ಎಲ್ಲಿಗೆ ಹೋಗುತ್ತೆ?

ನಮ್ಮ ಸೋದರಮಾವನ ಹತ್ತಿರ ಒಂದು ಲಾರಿ ಇದೆ. ಟಾಟಾ 1210, 1990ರ ದಶಕದ್ದು. ಊರಲ್ಲಿ ಇವತ್ತಿಗೂ ಅದನ್ನ ‘ಬೆಂಜ್ ಲಾರಿ’ ಅಂತಾರೆ. 1954ರಿಂದ 1969ರವರೆಗೆ ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ಮಾಡುತ್ತಿದ್ದರು. ಒಪ್ಪಂದ ಮುಗಿದು ಅರ್ಧ ಶತಮಾನ ಆಯ್ತು, ಮಳವಳ್ಳಿ ಕಡೆ ಹೆಸರು ಮಾತ್ರ ಹೋಗಿಲ್ಲ. ಕಟಾವಿನ ಕಾಲದಲ್ಲಿ ಕಬ್ಬು, ಉಳಿದ ದಿನ ಆಲೆಮನೆಯಿಂದ ಮಂಡ್ಯಕ್ಕೆ ಬೆಲ್ಲ. ಮಾವನ ಮನೆಯ ಊಟ, ಮಗಳ ಕಾಲೇಜು ಫೀಸು ಎರಡೂ ಆ ಲಾರಿಯಿಂದಲೇ.

ಹೋದ ಸಂಕ್ರಾಂತಿಗೆ ಊರಿಗೆ ಹೋದಾಗ ಲಾರಿಗೆ ಹುಷಾರಿರಲಿಲ್ಲ. ದಿಬ್ಬ ಹತ್ತುತ್ತಿರಲಿಲ್ಲ, ಆಯಿಲ್ ಕುಡಿಯುತ್ತಿತ್ತು. ಮದ್ದೂರಿನ ಗ್ಯಾರೇಜಿಗೆ ತೋರಿಸೋಕೆ ಹೊರಟ ಮಾವನ ಪಕ್ಕ ನಾನೂ ಹತ್ತಿ ಕೂತೆ. ದಾರೀಲಿ ಸುಮ್ಮನೆ ಕನ್ನಡಿ ನೋಡಿದೆ. ಹಿಂದೆ ಒಂದು ಟಿವಿಎಸ್. ಗಂಡ, ಹೆಂಡತಿ, ನಡುವೆ ಮಗು. ಆಕೆ ಸೆರಗಿನಿಂದ ಮಗುವಿನ ಮುಖ ಮುಚ್ಚಿಕೊಂಡಿದ್ದರು. ಎದುರಿಂದ ಗಾಡಿಗಳು ಬರುತ್ತಲೇ ಇದ್ದವು, ಅವರಿಗೆ ಮುಂದೆ ಹೋಗೋಕೆ ಜಾಗವೇ ಸಿಗಲಿಲ್ಲ. ಇತ್ತ ನಮ್ಮ ಕ್ಯಾಬಿನ್‌ನಲ್ಲಿ ಹೊಗೆಯ ವಾಸನೆ ಕೂಡ ಇರಲಿಲ್ಲ. ಆವಾಗ ಹೊಳೆಯಿತು: ಲಾರಿಯ ಹೊಗೆ ಯಾವತ್ತೂ ಓಡಿಸೋರಿಗಲ್ಲ, ಹಿಂದೆ ಬರೋರಿಗೆ.

ಗ್ಯಾರೇಜಿನ ಮೇಸ್ತ್ರಿ ಇಂಜಿನ್ ಸ್ಟಾರ್ಟ್ ಮಾಡಿಸಿ ಆಯಿಲ್ ಹಾಕೋ ಮುಚ್ಚಳ ತೆಗೆದರು. ಅಲ್ಲಿಂದ ಬುಸ್ ಬುಸ್ ಅಂತ ಹೊಗೆ.

“ಬೋರ್‌ಗೆ ಬಂದೈತೆ ಅಣ್ಣ” ಅಂದರು.

ರಿಂಗ್, ಲೈನರ್ ಸವೆದರೆ ಉರಿದ ಗ್ಯಾಸ್ ಪಿಸ್ಟನ್ ಪಕ್ಕದಿಂದ ಕೆಳಗೆ ನುಗ್ಗುತ್ತೆ, ಕೆಳಗಿನ ಆಯಿಲ್ ಮೇಲೆ ಬಂದು ಉರಿಯುತ್ತೆ. ಅದು ನೀಲಿ ಹೊಗೆ. ನಾಜಲ್ ಸರಿಯಾಗಿ ಸಿಂಪಡಿಸದಿದ್ದರೆ, ಇಲ್ಲವೇ ಇರೋ ಗಾಳಿಗಿಂತ ಡೀಸೆಲ್ ಜಾಸ್ತಿಯಾದರೆ ಕಪ್ಪು ಹೊಗೆ. ನಮ್ಮ ಲಾರಿ ಎರಡನ್ನೂ ಬಿಡುತ್ತಿತ್ತು.

ಮಾವನ ಕೈಲಿದ್ದದ್ದು 60 ಸಾವಿರ. ಮೇಸ್ತ್ರಿ ಮೂರು ದಾರಿ ಹೇಳಿದರು. ಒಂದು, ಪಂಪ್ ತಿರುಗಿಸಿ ಡೀಸೆಲ್ ಜಾಸ್ತಿ ಬಿಡೋದು. ಒಂದು ಗಂಟೆ ಕೆಲಸ, ಎರಡು ಸಾವಿರದೊಳಗೆ ಮುಗಿಯುತ್ತೆ. ಪಿಕಪ್ ಬರುತ್ತೆ, ಜೊತೆಗೆ ಇನ್ನಷ್ಟು ಕಪ್ಪು ಹೊಗೆ. ಎರಡು, ಗುಜರಿಯಿಂದ ಹಳೇ ಟರ್ಬೊ ತಂದು ಕೂರಿಸೋದು. ಗಾಳಿ ಜಾಸ್ತಿ ಹೋಗೋದರಿಂದ ಶಕ್ತಿ ಬರುತ್ತೆ. ಆದರೆ ಇದು ಟರ್ಬೊ ಇಲ್ಲದೆ ಹುಟ್ಟಿದ ಇಂಜಿನ್, ಅದೂ ಸವೆದದ್ದು. ಪಿಸ್ಟನ್, ಹೆಡ್ ಗ್ಯಾಸ್ಕೆಟ್ ಆ ಒತ್ತಡ ಎಷ್ಟು ದಿನ ತಡೀತಾವೋ ಹೇಳೋಕಾಗಲ್ಲ. ಮೂರು, ಅರ್ಧ ಇಂಜಿನ್ ಕೆಲಸ. ಲೈನರ್, ಪಿಸ್ಟನ್, ರಿಂಗ್, ಬೇರಿಂಗ್ ಹೊಸದು ಹಾಕಿ, ವಾಲ್ವ್ ಉಜ್ಜಿ, ಪಂಪು ನಾಜಲ್ಲು ಮಂಡ್ಯಕ್ಕೆ ಕಳಿಸಿ ಕ್ಯಾಲಿಬ್ರೇಷನ್ ಮಾಡಿಸೋದು. 75 ಸಾವಿರ, ಎಂಟು ದಿನ ಗಾಡಿ ನಿಲ್ಲಬೇಕು.

ಅಲ್ಲೇ ಟೀ ಕುಡೀತಾ ಕೂತಿದ್ದ ಒಬ್ಬರು ನಾಲ್ಕನೇ ದಾರಿಯನ್ನೂ ಹೇಳಿದರು. “ಎಮಿಷನ್ ಸರ್ಟಿಫಿಕೇಟ್ ಚಿಂತೆನಾ? ಗಾಡಿ ತರೋದೂ ಬೇಡ, ಮಾಡಿಸಿಕೊಡ್ತೀನಿ.”

ಬಿಎಸ್-4ಕ್ಕಿಂತ ಹಳೆಯ ಡೀಸೆಲ್ ಗಾಡಿಗೆ ಹೊಗೆ ಪರೀಕ್ಷೆಯ ಮಿತಿ 65 ಹಾರ್ಟ್ರಿಜ್ ಯೂನಿಟ್, ಬಿಎಸ್-4 ಗಾಡಿಗೆ 50. ಅಂದರೆ ಹಳೇ ಗಾಡಿಗೆ ಕಾನೂನೇ ಸ್ವಲ್ಪ ರಿಯಾಯಿತಿ ಕೊಟ್ಟಿದೆ. ಅದನ್ನೂ ದಾಟಿದವರಿಗೆ ಟೀ ಅಂಗಡಿಯ ರಿಯಾಯಿತಿ!

ನಾನು ಬೆಂಗಳೂರಿನ ಬುದ್ಧಿವಂತನಲ್ಲವಾ, ಬಾಯಿ ಹಾಕಿದೆ. “ಮಾವ, ಇದನ್ನ ಗುಜರಿಗೆ ಹಾಕಿ ಹೊಸದು ತಗೊಬಾರದಾ?”

“ತಗೊಳವ ಬುಡ್ಲಾ. ಇಎಂಐ ನೀನ್ ಕಟ್ಟೀಯಾ?” ಅಂದರು ಮಾವ. ನಾನು ಸುಮ್ಮನಾದೆ. ಹೊಸ ಲಾರಿ ಅಂದರೆ ಹತ್ತಾರು ಲಕ್ಷ. ನನ್ನ ಕಾರಿನ ಇಎಂಐಯೇ ಇನ್ನೂ ಮೂರು ವರ್ಷ ಇದೆ.

ಹಾಗಾದರೆ ಸರಿ ಯಾವುದು? ‘ಬಡವರ ಹೊಟ್ಟೆಪಾಡು, ಹೊಗೆ ಸಹಿಸಿಕೊಳ್ಳಬೇಕು’ ಅನ್ನೋದಾ? 2012ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತೆ ಅಂತ ಖಚಿತವಾಗಿ ಹೇಳಿದೆ. ಟಿವಿಎಸ್ ಮೇಲಿನ ಆ ಕುಟುಂಬವೂ ಶ್ರೀಮಂತರದ್ದೇನಲ್ಲ. ಎಸಿ ಹಾಕಿ ಕಿಟಕಿ ಏರಿಸಿಕೊಳ್ಳೋಕೆ ಆಗದವರೇ ಈ ಹೊಗೆಯನ್ನ ಜಾಸ್ತಿ ಕುಡಿಯೋದು. ಒಬ್ಬ ಬಡವನ ಉಳಿತಾಯವನ್ನ ಇನ್ನೊಬ್ಬ ಬಡವನ ಮಗು ತೀರಿಸುತ್ತೆ.

ಇಲ್ಲ, ‘ಹಳೇದನ್ನೆಲ್ಲ ನಿಲ್ಲಿಸಿಬಿಡಿ’ ಅನ್ನೋದಾ? ದೆಹಲಿಯಲ್ಲಿ ಹಾಗೆ ಮಾಡಿದರು. 2015ರಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ಅಲ್ಲಿ ಓಡಬಾರದು ಅಂತು. ಆಮೇಲೆ ಎನ್‌ಒಸಿ ತಗೊಂಡು ಎಷ್ಟೋ ಗಾಡಿಗಳು ಬೇರೆ ರಾಜ್ಯಗಳಿಗೆ ಹೊರಟವು. ದೆಹಲಿಯ ಹೊಗೆ ಯಾವುದೋ ಸಣ್ಣ ಊರಿನ ಹೊಗೆಯಾಯ್ತು.

ಅವತ್ತು ಗ್ಯಾರೇಜಿನಲ್ಲಿ ಕೂತು ನನಗೆ ಅನ್ನಿಸಿದ್ದು ಇಷ್ಟು. ಕಮ್ಮಿ ದುಡ್ಡಲ್ಲಿ ರಿಪೇರಿ ಮಾಡಿಸೋದು ತಪ್ಪಲ್ಲ. ಆದರೆ ಉಳಿಸಿದ ದುಡ್ಡು ಗಾಳೀಲಿ ಮಾಯ ಆಗಲ್ಲ, ಯಾರದೋ ತಲೆ ಮೇಲೆ ಕೂರುತ್ತೆ. ಯಾರ ತಲೆ ಅನ್ನೋದೇ ಪ್ರಶ್ನೆ. ಮೇಸ್ತ್ರಿ ಕ್ರ್ಯಾಂಕ್ ಅಳತೆ ನೋಡಿ “ಇದು ಚೆನ್ನಾಗೈತೆ, ಮುಟ್ಟದು ಬ್ಯಾಡ” ಅಂದರು. ಅಲ್ಲಿ ಉಳಿದ ದುಡ್ಡು ಯಾರ ತಲೆ ಮೇಲೂ ಕೂರಲಿಲ್ಲ. ಪೇಂಟ್ ಬೇಡ ಅಂದರೆ ಲಾರಿಯ ಅಂದ ಹೋಯ್ತು, ಅದು ಮಾವನ ಪಾಲಿನ ನಷ್ಟ. ಪಂಪ್ ತಿರುಗಿಸಿ ಉಳಿಸಿದ್ದು ಮಾತ್ರ ಹಿಂದೆ ಬರೋ ಮಗುವಿನ ಎದೆಗೂಡಿಗೆ ಹೋಗುತ್ತೆ. ಮೂರನ್ನೂ ನಾವು ‘ಉಳಿತಾಯ’ ಅಂತಲೇ ಕರೀತೀವಿ.

ಈ ಲೆಕ್ಕದಲ್ಲಿ ನಾವೂ ಇದ್ದೀವಿ, ಓದ್ತಿರೋ ನೀವೂ ಇದ್ದೀರಿ. ಬಾಡಿಗೆ ಸಾಲದ ಕಾರಣಕ್ಕೇ ಮಾವ ಪ್ರತಿ ಟ್ರಿಪ್ಪಿಗೂ ಓವರ್‌ಲೋಡ್ ಹಾಕೋದು, ಓವರ್‌ಲೋಡ್ ಎಳೆಯೋಕೇ ಪಂಪ್ ತಿರುಗಿಸೋದು. ಆ ಅಗ್ಗದ ಬಾಡಿಗೆಯ ಒಂದು ಪಾಲು ನಮ್ಮ ಅಡುಗೆಮನೆಯ ಬೆಲ್ಲದ ಡಬ್ಬದಲ್ಲಿದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಮದ್ದೂರನ್ನ ಪಕ್ಕಕ್ಕೆ ಬಿಟ್ಟು ಮೈಸೂರಿಗೆ ಹಾರೋ ನಾವು, ಹೊಗೆ ಬಿಡೋ ಲಾರಿ ಕಂಡರೆ ಗಾಜು ಏರಿಸಿ ಬೈಯ್ತೀವಿ. ಅದರಲ್ಲಿರೋ ಸರಕು ನಮ್ಮದೇ.

ಮಾವ ತುಂಬಾ ಹೊತ್ತು ಬೀಡಿ ಸೇದುತ್ತಾ ಕೂತರು. ನಾನು ಕನ್ನಡೀಲಿ ನೋಡಿದ್ದನ್ನ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಆಮೇಲೆ ಮೇಸ್ತ್ರಿಗೆ “ಅರ್ಧ ಇಂಜಿನ್ನೇ ಮಾಡ್ಬುಡು” ಅಂದರು. ಕಮ್ಮಿ ಬಿದ್ದ 15 ಸಾವಿರ ನಾನು ಕೊಡ್ತೀನಿ ಅಂದಾಗ, ಸಾಲ ಅಂತ ಡೈರೀಲಿ ಬರೆದುಕೊಂಡೇ ತಗೊಂಡರು.

ಗಾಡಿ ತಗೊಳ್ಳೋ ದಿನ ಮೇಸ್ತ್ರಿ ಸ್ಪಷ್ಟವಾಗಿ ಹೇಳಿದರಂತೆ: “ಹೊಗೆ ಇಲ್ದಂಗೆ ಮಾಡಕ್ಕಾಗಲ್ಲ ಅಣ್ಣ, ಕಮ್ಮಿ ಮಾಡಿವ್ನಿ. ಮೊದಲ ಸಾವಿರ ಕಿಲೋಮೀಟರ್ ಹಗುರ ಲೋಡು. ಆಮೇಕೂ ಆರ್‌ಸೀಲಿ ಎಷ್ಟೈತೋ ಅಷ್ಟೇ ಹಾಕಿ, ಇಲ್ದಿದ್ರೆ ತಿರ್ಗ ನನ್ ತಾವೇ ಬತ್ತೀರ.” ಇಂಜಿನ್‌ಗೆ ಶಕ್ತಿ ತುಂಬೋದಕ್ಕಿಂತ ಲೋಡು ಇಳಿಸೋದು ಅಗ್ಗದ ಅಪ್‌ಗ್ರೇಡ್ ಅಂತ ನನಗೆ ಅರ್ಥವಾಗಿದ್ದು ಆವಾಗಲೇ. ಅಗ್ಗ ಅಂದರೂ ಅದರ ಬೆಲೆ ಮಾವನದ್ದೇ, ಪ್ರತಿ ಟ್ರಿಪ್ಪಿಗೂ ಬಾಡಿಗೆ ಕಮ್ಮಿ. “ವಾರಕ್ಕೆ ಇನ್ನೊಂದ್ ಟ್ರಿಪ್ ಹೊಡಿತೀನಿ ಬುಡು” ಅಂದರು ಫೋನಿನಲ್ಲಿ. ಅವರಿಗೆ 58 ವರ್ಷ.

ಯುಗಾದಿಗೆ ಹೋದಾಗ ಮಾವನ ಮಗಳ ಸ್ಕೂಟಿ ತಗೊಂಡು ಮದ್ದೂರಿನವರೆಗೆ ಲಾರಿ ಹಿಂದೆಯೇ ಹೋದೆ, ಮಾಸ್ಕ್ ಇಲ್ಲದೆ. ಸಮ ರಸ್ತೇಲಿ ಏನೂ ಕಾಣಲಿಲ್ಲ. ದಿಬ್ಬದಲ್ಲಿ ಗೇರ್ ಇಳಿಸಿದಾಗ ಒಂದು ಸಣ್ಣ ಬೂದು ಉಂಡೆ ಬಂತು. ಗಂಟಲು ಸ್ವಲ್ಪ ಕೆರೆಯಿತು.

ಅಷ್ಟು ಉಳಿದಿದೆ. ಅದು ಯಾರ ಲೆಕ್ಕಕ್ಕೆ ಅಂತ ಮಾವನ ಹತ್ತಿರ ಕೇಳೋಕೆ ನನಗೆ ಬಾಯಿ ಬರಲಿಲ್ಲ. ಕೇಳೋದಾದರೆ ಬೆಲ್ಲ ತಿನ್ನೋ ನಮ್ಮನ್ನೇ ಕೇಳಿಕೊಳ್ಳಬೇಕು.