ಭಯ ಮತ್ತು ತಕ್ಕಡಿ

ದುರ್ಗದಬೈಲಿನ ಪೇಟೆಯಲ್ಲಿ ಕೊಳ್ಳುವವನಿಗೆ ತೂಕದ ಬಗೆಗೆ ಸಂದೇಹ ಬಂದರೆ ಆತನು ವ್ಯಾಪಾರಿಯ ಕೈ ಕಟ್ಟಿಹಾಕುವುದಿಲ್ಲ. "ಇನ್ನೊಮ್ಮೆ ತೂಗ್ರಿ" ಎನ್ನುತ್ತಾನೆ. ನಾಲ್ಕು ಜನರೆದುರು ತಕ್ಕಡಿ ಏರುತ್ತದೆ, ನಿಜವು ತಿಳಿಯುತ್ತದೆ. ಸಂದೇಹಪಡುವುದು ತಪ್ಪಲ್ಲ, ತೂಗದೆ ತೀರ್ಪು ಕೊಡುವುದು ತಪ್ಪು. ಸಂತೆಯ ಸಾಮಾನ್ಯನು ಬಲ್ಲ ಈ ನೀತಿಯನ್ನು ಭಯಗ್ರಸ್ತವಾದ ಪ್ರಭುತ್ವವು ಮರೆಯುವುದುಂಟು.

ಎರಡನೆಯ ಮಹಾಯುದ್ಧದ ತರುವಾಯ ಅಮೇರಿಕೆಯಲ್ಲಿ ಹೀಗೆಯೇ ಆಯಿತು. 1949ರಲ್ಲಿ ರಷ್ಯವು ಅಣುಬಾಂಬನ್ನು ಪರೀಕ್ಷಿಸಿತು. ಅದರ ರಹಸ್ಯಗಳನ್ನು ಗೂಢಚಾರರು ಸಾಗಿಸಿದ್ದೂ ನಿಜ. ಆದುದರಿಂದ ಆ ಭಯವು ಪೂರ್ತಿ ನಿರಾಧಾರವಾಗಿರಲಿಲ್ಲ. ಆದರೆ 1947ರಿಂದಲೇ ಸರಕಾರಿ ನೌಕರರ ನಿಷ್ಠೆಯ ವಿಚಾರಣೆ ಮೊದಲಾಗಿತ್ತು. 1950ರಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ, ಸರಕಾರದೊಳಗಿನ ಕಮ್ಯುನಿಸ್ಟರ ಪಟ್ಟಿ ತನ್ನ ಕೈಯಲ್ಲಿದೆಯೆಂದು ಸಾರಿದ ಮೇಲಂತೂ ಹಳೆಯ ಸ್ನೇಹ, ಎಂದೋ ಹೋದ ಸಭೆ, ಬಂಧುವಿನ ವಿಚಾರ ಇವೆಲ್ಲವೂ ಅಪರಾಧಕ್ಕೆ ಸಮನಾದವು. ಪಾರಾಗುವ ಒಂದು ದಾರಿಯೆಂದರೆ ಇತರರ ಹೆಸರು ಹೇಳುವುದು. 1956ರಲ್ಲಿ ನಾಟಕಕಾರ ಆರ್ಥರ್ ಮಿಲ್ಲರ್ ಅದನ್ನು ನಿರಾಕರಿಸಿ ಶಿಕ್ಷೆಗೆ ಗುರಿಯಾದರು. ಆ ತೀರ್ಪು 1958ರಲ್ಲಿ ರದ್ದಾಯಿತು. ವಿಜ್ಞಾನಿ ಓಪನ್‌ಹೈಮರ್ ಅವರ ಮೇಲೆ 1954ರಲ್ಲಿ ಕೈಗೊಂಡ ನಿರ್ಣಯವನ್ನು ಸರಕಾರವು ಹಿಂತೆಗೆದುಕೊಂಡದ್ದು 2022ರಲ್ಲಿ. ಅಷ್ಟರಲ್ಲಿ ಅವರು ಗತಿಸಿ ಐವತ್ತೈದು ವರ್ಷಗಳಾಗಿದ್ದವು.

ದೂರದ ದೇಶದ ದೋಷವನ್ನು ಎಣಿಸುವುದು ಸುಲಭ. ನಮ್ಮ ನಾಡಿನ ಮಾತೇನು? 1975ರ ಜೂನ್ 25ರಂದು ಆಂತರಿಕ ತುರ್ತುಪರಿಸ್ಥಿತಿ ಘೋಷಣೆಯಾಯಿತು. ಇಲ್ಲಿಯೂ ಭಯಕ್ಕೆ ನೆಪವಿತ್ತು; ಬರೋಡಾ ಡೈನಮೈಟ್ ಪ್ರಕರಣವು ಮೊಕದ್ದಮೆಯಾಗಿ ಬಂದಿತು. ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರ ಸುಳಿವಿಗಾಗಿ, 1976ರ ಮೇ 1ರಂದು ಅವರ ತಮ್ಮ ಲಾರೆನ್ಸ್ ಅವರನ್ನು ಬೆಂಗಳೂರಿನಲ್ಲಿ ಹಿಡಿದೊಯ್ದು ಹಿಂಸಿಸಲಾಯಿತು. ತಮ್ಮನಾಗಿ ಹುಟ್ಟಿದ್ದೇ ತಪ್ಪಾಯಿತು. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಅದೇ ತಿಂಗಳು ಬಂಧಿತರಾಗಿ ಬೆಂಗಳೂರಿನ ಸೆರೆಮನೆಯಲ್ಲಿ ಸುಮಾರು ಎಂಟು ತಿಂಗಳು ಕಳೆದರು. ಅವರು ಆಸ್ತಮಾ ರೋಗಿ. ಪೆರೋಲಿನ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು, ಅವರು ತೀರಿಕೊಂಡರು. ತೂಗುವ ಮೊದಲೇ ಬೆಲೆ ತೆತ್ತದ್ದಾಗಿತ್ತು.

ತಕ್ಕಡಿ ಹಿಡಿಯಬೇಕಾದ ನ್ಯಾಯಪೀಠವೂ ಆಗ ಹಿಂಜರಿಯಿತು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು, ತುರ್ತುಪರಿಸ್ಥಿತಿಯಲ್ಲಿ ಬಂಧಿತನು ಬಿಡುಗಡೆಗಾಗಿ ನ್ಯಾಯಾಲಯದ ಮೊರೆಹೋಗುವಂತಿಲ್ಲವೆಂದರು. ಎಚ್. ಆರ್. ಖನ್ನಾ ಒಬ್ಬರೇ ಭಿನ್ನಮತ ಬರೆದರು. ಆ ಬಹುಮತದ ತೀರ್ಪು ಅಳಿದದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ನಿರ್ಣಯದಲ್ಲಿ.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ರಾಜ್ಯಕ್ಕೆ ನಿಜವಾದ ಅಪಾಯ ಬಂದಾಗ ತೂಗುತ್ತ ಕೂಡ್ರಲು ಸಮಯವೆಲ್ಲಿದೆ? ಈ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಅಪರಾಧಿಯನ್ನು ಹಿಡಿಯಲು ತಕ್ಕಡಿಯು ಅಡ್ಡಿಯಲ್ಲ. ನಿರಪರಾಧಿಯನ್ನು ಹಿಡಿಯಲು ಮಾತ್ರ ಅದು ಅಡ್ಡಿ. ಅದನ್ನು ಬದಿಗಿಟ್ಟವನು ಶತ್ರುವನ್ನು ಬೇಗ ಹುಡುಕಲಾರನು. ಎಲ್ಲರಲ್ಲಿಯೂ ಶತ್ರುವನ್ನೇ ಕಾಣತೊಡಗುವನು.

ತಪ್ಪೆಲ್ಲವೂ ಆಳುವವರದೆಂದು ನಾವು ಕೈತೊಳೆದುಕೊಳ್ಳಲಾಗದು. ಆ ದಿನಗಳಲ್ಲಿ ನಾನಿನ್ನೂ ತರುಣ. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಪರಿಚಿತರೊಬ್ಬರ ಮನೆಯಿತ್ತು. ಅವರು ಸೆರೆಮನೆ ಸೇರಿದ ಮೇಲೆ ಆ ಬಾಗಿಲನ್ನು ಹಾಯುವಾಗ ನಾನು ಹೆಜ್ಜೆಯನ್ನು ಚುರುಕುಗೊಳಿಸುತ್ತಿದ್ದೆನು. ಅವರ ತಾಯಿ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. "ಏನವ್ವಾ, ಹ್ಯಾಂಗಿದ್ದೀರಿ?" ಎಂದು ಕೇಳಲು ಯಾವ ಕಾಯಿದೆಯೂ ಅಡ್ಡಬರುತ್ತಿರಲಿಲ್ಲ; ನನ್ನ ಭಯವೊಂದೇ ಅಡ್ಡಬಂದಿತು. ನಾನು ಯಾರ ಹೆಸರನ್ನೂ ಹೇಳಿಕೊಡಲಿಲ್ಲ, ನಿಜ. ಆದರೆ ಆ ತಾಯಿಯನ್ನು ತೂಗದೆಯೇ ದೂರವಿಟ್ಟೆನು. ಅವರು ಈಗಿಲ್ಲ. ಕ್ಷಮೆ ಕೇಳಲು ಆ ಕಟ್ಟೆಯೂ ಉಳಿದಿಲ್ಲ.

ಮಠದ ಪ್ರಸಾದನಿಲಯಗಳಲ್ಲಿ ಉಂಡು ಬೆಳೆದ ನಾವು, ಪಕ್ಕದಲ್ಲಿ ಕುಳಿತವನ ವಿಚಾರಗಳನ್ನು ಕೇಳಿ ತುತ್ತು ಹಂಚಿಕೊಂಡವರಲ್ಲ. ಆ ಪಂಕ್ತಿಯ ಪಾಠವನ್ನು ಭಯದ ದಿನಗಳಲ್ಲಿಯೂ ಉಳಿಸಿಕೊಳ್ಳುವುದೇ ಕಠಿಣವಾದ ಸಾಧನೆ. ಅಂಥ ದಿನಗಳು ಯಾವ ಬಣ್ಣದ ಬಾವುಟದಡಿಯಲ್ಲಾದರೂ ಮರಳಬಹುದು. ಆಗ ನೆರೆಯವನತ್ತ ಯಾರಾದರೂ ಬೆರಳು ತೋರಿದರೆ ನಾವು ಆಡಬೇಕಾದ ಮಾತು ಒಂದೇ: "ಇನ್ನೊಮ್ಮೆ ತೂಗ್ರಿ."