ನಾನಿದ್ದೇನೆ ಅನ್ನೋ ಲೈಟು

ದಾರಿ ನೋಡೋಕೆ ಹಾಕುವ ಲೈಟ್ ಬೇರೆ, ಇನ್ನೊಬ್ಬರಿಗೆ ಕಾಣಿಸೋಕೆ ಹಾಕುವ ಲೈಟ್ ಬೇರೆ. ಹೊಸ ಕಾರುಗಳ ಮುಂಭಾಗದಲ್ಲಿ ಹಗಲಲ್ಲೂ ಉರಿಯುವ ಬಿಳಿ ಎಲ್‌ಇಡಿ, ಅಂದರೆ ಡಿಆರ್‌ಎಲ್, ಎರಡನೇ ಜಾತಿಯದು. ಅದರಿಂದ ದಾರಿ ಕಾಣೋದಿಲ್ಲ. 'ನಾನಿದ್ದೇನೆ, ನೋಡಿ' ಅನ್ನುತ್ತದೆ, ಅಷ್ಟೇ.

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಭಾವನಿಗೆ ತನ್ನ ಹಳೇ ಆಲ್ಟೊಗೆ ಇದನ್ನು ಹಾಕಿಸುವ ಆಸೆ. "ಶೋಕಿಗಾ ಭಾವ?" ಅಂದೆ.

"ಶೋಕಿಯೂ ಹೌದು ಮಾರಾಯ. ಆದ್ರೆ ಜುಲೈಯಲ್ಲಿ ಕಾಳಿ ಸೇತುವೆ ಮೇಲೆ ಬಂದು ನೋಡು. ಬೂದಿ ಬಣ್ಣದ ಕಾರು, ಬೂದಿ ಬಣ್ಣದ ಮಳೆ. ಎದುರು ಬರೋ ಲಾರಿಯವನಿಗೆ ನಾ ಕಾಣೂದೇ ಇಲ್ಲ."

2024ರ ಆಗಸ್ಟ್ 7ರ ನಡುರಾತ್ರಿ ಹಳೇ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿದ್ದ ಮೇಲೆ ಗೋವಾ ಕಡೆಯ ವಾಹನಗಳೂ ಈ ಕಡೆಯವೂ ಒಂದೇ ಸೇತುವೆ ಮೇಲೆ ಎದುರುಬದುರಾಗಿ ಓಡಿದ್ದನ್ನು ನೋಡಿದವರಿಗೆ ಭಾವನ ಮಾತು ಉತ್ಪ್ರೇಕ್ಷೆ ಅನ್ನಿಸಲಿಕ್ಕಿಲ್ಲ. ಸ್ವೀಡನ್ 1977ರಲ್ಲೇ ಹಗಲು ಲೈಟ್ ಕಡ್ಡಾಯ ಮಾಡಿತ್ತು. ಯುರೋಪಿನ ಒಕ್ಕೂಟದಲ್ಲಿ 2011ರಿಂದ ಹೊಸ ಮಾದರಿಯ ಕಾರುಗಳಿಗೆ ಡಿಆರ್‌ಎಲ್ ಬಂತು. ನಮ್ಮಲ್ಲಿ 2017ರಿಂದ ಹೊಸ ಬೈಕುಗಳ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇಲ್ಲ.

ಆದರೆ ಯುರೋಪಿನಲ್ಲಿ ಕಾರುಗಳಿಗೆ ಈ ಲೈಟ್ ಬರುವಾಗ ತಕರಾರು ಎತ್ತಿದವರು ಬೈಕಿನವರು. ಕಾರುಗಳೆಲ್ಲ ಬೆಳಗಿದರೆ ನಾವು ಆ ಬೆಳಕಲ್ಲಿ ಕಳೆದುಹೋಗ್ತೇವೆ ಅಂತ. ನನ್ನನ್ನು ಕಾಡೋದು ಇದೇ. ಆಫೀಸಲ್ಲಿ ಎಲ್ಲರೂ ತಮ್ಮ ಟಿಕೆಟ್‌ಗೆ 'ಅರ್ಜೆಂಟ್' ಅಂತ ಹಾಕಿದರೆ ಏನಾಗುತ್ತದೆ ಅಂತ ನಿಮಗೆ ಗೊತ್ತು. ಹಾಕಲು ಬಾರದವನ ಕೆಲಸ ತಳಕ್ಕೆ ಹೋಗುತ್ತದೆ. ಚಾಲಕನ ಗಮನವೂ ಅಷ್ಟೇ, ಇರೋದನ್ನೇ ಹಂಚಬೇಕು. ಕೋಡಿಬಾಗದ ರಸ್ತೆಯಲ್ಲಿ ಬೆಳಿಗ್ಗೆ ಮೀನಿನ ಬುಟ್ಟಿ ಹೊತ್ತು ನಡೆಯುವ ಹೆಂಗಸರಿಗೆ, ಸೈಕಲ್ ಮೇಲೆ ಶಾಲೆಗೆ ಹೋಗುವ ಹುಡುಗರಿಗೆ ಬ್ಯಾಟರಿ ಎಲ್ಲಿದೆ?

ಮೀನುಗಾರರಿಗೆ ಈ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ಜನರೇಟರ್ ಹೊತ್ತ ಬೋಟು ಸಮುದ್ರದಲ್ಲಿ ಎಲ್‌ಇಡಿ ಬೆಳಗಿಸಿದರೆ ಮೀನೆಲ್ಲ ಅತ್ತ ಹೋಗುತ್ತದೆ, ನಾಡದೋಣಿಯವನು ಬರಿಗೈಲಿ ಬರುತ್ತಾನೆ. ಕೇಂದ್ರ ಸರ್ಕಾರ 2017ರಲ್ಲಿ ಅದನ್ನು ನಿಷೇಧಿಸಿತು. (ನಿಂತಿದೆಯಾ ಅಂತ ದೋಣಿಯವರನ್ನೇ ಕೇಳಿ.)

ಹಾಗಂತ ಭಾವ ಕಾಣದೇ ಸಾಯಬೇಕಾ? ಖಂಡಿತ ಬೇಡ. ಕಾಣಿಸಿಕೊಳ್ಳುವುದು ತಪ್ಪಲ್ಲ, ಎಷ್ಟು ಅನ್ನೋದೇ ಪ್ರಶ್ನೆ. ವಿಶ್ವಸಂಸ್ಥೆಯ 87ನೇ ವಾಹನ ನಿಯಮ ಡಿಆರ್‌ಎಲ್‌ಗೆ ಕೆಳಮಿತಿ 400 ಕ್ಯಾಂಡೆಲಾ, ಮೇಲ್ಮಿತಿ 1200 ಅನ್ನುತ್ತದೆ. ಹೆಡ್‌ಲೈಟ್ ಹಾಕಿದ ಕೂಡಲೇ ಅದು ಆರಬೇಕು. ಕೆಳಮಿತಿ ನನ್ನ ಜೀವಕ್ಕೆ, ಮೇಲ್ಮಿತಿ ಎದುರಿನವನ ಕಣ್ಣಿಗೆ. ಅಂಗಡಿಯ ಪ್ಯಾಕೆಟ್ ಮೇಲೆ 'ಸೂಪರ್ ಬ್ರೈಟ್' ಅಂತ ಮಾತ್ರ ಇತ್ತು.

"ಮಳೇಲಿ ಡಿಪ್ ಲೈಟ್ ಹಾಕಿದರೆ ಸಾಕಲ್ಲ ಭಾವ, ಹಿಂದಿನ ಕೆಂಪು ಲೈಟೂ ಹತ್ತುತ್ತದೆ. ಡಿಆರ್‌ಎಲ್ ಮಾತ್ರ ಇದ್ದರೆ ಹಿಂದಿನ ಲಾರಿಗೆ ನೀವು ಕತ್ತಲೆ. ಮೇಲಿಂದ ಕಂಪನಿ ಕೊಟ್ಟಿದ್ದನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬೇರೆ ಅಡ್ಡ ಉಂಟು" ಅಂದೆ.

"ಡಿಪ್ ಹಾಕೂಕೆ ನೆನಪಾಗಬೇಕಲ್ಲ. ಇದು ತಾನೇ ಹತ್ತತದೆ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮರೆಯುವ ಮನುಷ್ಯನನ್ನು ನಂಬಬೇಡ ಅಂತಲೇ ತಾನೇ ಬೈಕಿನ ಸ್ವಿಚ್ ತೆಗೆದದ್ದು! ಆರ್‌ಟಿಓದಲ್ಲಿ ಕೇಳಿ, ಹಾಕಿಸೋದಾದರೆ ಕಡಿಮೆ ಬೆಳಕಿನದನ್ನು ಹಾಕಿಸಿ, ಮಳೆಯಲ್ಲಿ ಡಿಪ್ ಬಿಡಬೇಡಿ ಅಂದೆ. ಹೆಡ್‌ಲೈಟ್ ಹಾಕಿದರೆ ಇದು ಆರುವ ಹಾಗೆ ಮಾಡಿಕೊಡ್ತೀರಾ ಅಂತ ಎಲೆಕ್ಟ್ರಿಷಿಯನ್‌ಗೆ ಫೋನಲ್ಲಿ ಕೇಳಿದೆವು.

"ಹಾಗೆ ಯಾರೂ ಕೇಳೂದಿಲ್ಲ ಸರ್. ಎಲ್ಲರಿಗೂ ರಾತ್ರಿನೂ ಉರೀಬೇಕು. ರಿಲೇಗೆ ಇನ್ನೊಂದು ವೈರ್ ಎಳೀಬೇಕಾಗ್ತದೆ, ಅರ್ಧ ದಿನ ಗಾಡಿ ಬಿಡಬೇಕು."

ಭಾವ ಅರ್ಧ ದಿನದ ಲೆಕ್ಕ ಹಾಕುತ್ತಿದ್ದಾರೆ.